ಉಪ್ಪಲಿ ಬುರುಜಿನಿಂದ ಗಂಜಿನವರೆಗೆ

ವಿಜಯಪುರಕ್ಕೆ ಕಡಲು ಬಹಳ ದೂರ. ಆದರೂ ಇಲ್ಲಿ ಕೂತು ಆಳಿದ ಆದಿಲಶಾಹಿಗಳ ದೊರೆತನಕ್ಕೆ ಬಂದರುಗಳ ಬಲವಿತ್ತು. ಗೋವಾ ಅವರದೇ ಆಗಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಅದನ್ನು ಕಸಿದುಕೊಂಡ. ಆಮೇಲೂ ದಾಭೋಳದಂಥ ರೇವುಗಳು ಅವರ ಕೈಯಲ್ಲಿ ಉಳಿದವು. ಹಡಗಿನಲ್ಲಿ ಬಂದ ಅರಬ್ಬೀ ಕುದುರೆಗಳು ಘಟ್ಟ ಹತ್ತಿ ಈ ಬಯಲಿಗೆ ಬಂದವು. ಎತ್ತರದ ಗೋಪುರವೆಂದರೂ ಮೊದಲು ನೆನಪಾಗುವುದು ಕಡಲೇ. ಆದರೆ ಕರಾವಳಿಯಲ್ಲಿ ಕಾಪುವಿನ ದೀಪಸ್ತಂಭ ಎದ್ದು ನಿಂತದ್ದು 1901ರಲ್ಲಿ. ಅದಕ್ಕಿಂತ ಮುನ್ನೂರು ವರ್ಷ ಹಿಂದೆಯೇ ಈ ಒಣ ಸೀಮೆಯಲ್ಲಿ ದೂರ ನೋಡುವುದಕ್ಕೆಂದೇ ಒಂದು ಗೋಪುರ ಕಟ್ಟಿದ್ದರು. ಅದು ಉಪ್ಪಲಿ ಬುರುಜು.

ತಾಳಿಕೋಟೆಯ ಕಾಳಗದ ಕಾಲದಲ್ಲಿ ಒಂದನೆಯ ಅಲಿ ಆದಿಲಶಹಾ ಊರಿಗೆ ಕೋಟೆಗೋಡೆ ಹಾಕಿಸಿದ. ಸುತ್ತಳತೆ ಸುಮಾರು 10 ಕಿಲೋಮೀಟರು, ಬುರುಜುಗಳು 96, ದೊಡ್ಡ ಬಾಗಿಲು ಐದು. ಗೋಡೆಯ ಒಂದೊಂದು ಭಾಗವನ್ನು ಒಬ್ಬೊಬ್ಬ ಸರದಾರನಿಗೆ ಹಂಚಿಕೊಟ್ಟಿದ್ದರಂತೆ. ಆಗ ಸರದಾರ ಹೈದರ್ ಖಾನ್ ದಂಡಿನ ಜೊತೆ ಹೊರಗಿದ್ದ. ಅವನು ತಿರುಗಿ ಬರುವ ಹೊತ್ತಿಗೆ ಕಟ್ಟುವುದಕ್ಕೆ ಏನೂ ಉಳಿದಿರಲಿಲ್ಲ. ತನ್ನ ಪಾಲು ತಪ್ಪಿತೆಂದು ಅವನು ನೊಂದಾಗ, ಉಳಿದೆಲ್ಲವನ್ನೂ ಮೀರಿಸುವ ಬುರುಜು ಕಟ್ಟು ಎಂದು ಅಪ್ಪಣೆಯಾಯಿತೆಂದು ಊರಲ್ಲಿ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಬುರುಜಿನ ನಿಲುವನ್ನು ನೋಡಿದರೆ ನಂಬಬೇಕೆನಿಸುತ್ತದೆ. ಗೋಡೆಗೆ ಅಂಟಿಕೊಳ್ಳದೆ, ಊರೊಳಗಿನ ದಿನ್ನೆಯ ಮೇಲೆ ಒಂಟಿಯಾಗಿ ಸುಮಾರು 80 ಅಡಿ ಎತ್ತರಕ್ಕೆ ಎದ್ದಿದೆ. ಮೆಟ್ಟಿಲುಗಳು ಒಳಗಿಲ್ಲ, ಹೊರಮೈಯನ್ನು ಬಳಸಿ ಸುತ್ತುತ್ತ ಏರುತ್ತವೆ. ಹತ್ತುವಾಗ ಗೋಡೆಯಲ್ಲಿ ಪಾರಸಿ ಶಾಸನವೊಂದು ಸಿಗುತ್ತದೆ. ಕಟ್ಟಿದ ಕಾಲ 1584ರ ಸುಮಾರು. ಆಗ ಎರಡನೆಯ ಇಬ್ರಾಹಿಂ ಆದಿಲಶಹಾ ಗಾದಿಯ ಮೇಲಿದ್ದರೂ ಇನ್ನೂ ಹುಡುಗ.

ಮೇಲೆ ಎರಡು ತೋಪುಗಳಿವೆ. ದೊಡ್ಡದರ ಉದ್ದ 30 ಅಡಿ ಮೀರುತ್ತದೆ. ಜನ ಅದನ್ನು ಲಂಬಾ ತೋಪು ಎನ್ನುತ್ತಾರೆ. ಇದು ಎರಕ ಹೊಯ್ದದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾದ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದು ಬಿಗಿದು, ಬಡಿದು ಬೆಸೆದದ್ದು. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಿದ ಕೈಗಳನ್ನು ನೆನೆಯದೆ ಅಲ್ಲಿಂದ ಇಳಿಯಲು ನನಗೆ ಆಗುವುದಿಲ್ಲ. ತೋಪುಗಳ ಜೊತೆಗೆ ಮದ್ದಿನ ಕೋಣೆಗಳಿವೆ, ನೀರಿನ ತೊಟ್ಟಿಯೂ ಇದೆ. ಮದ್ದು ಎಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯವೆಂದು ಕಟ್ಟಿದವರಿಗೆ ಗೊತ್ತಿತ್ತು. ಬರದ ಸೀಮೆಯವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಬುರುಜಿನ ಮೇಲೆ ನಿಂತು ಪಡುವಣಕ್ಕೆ ತಿರುಗಿದರೆ ತೊರವಿಯ ದಿಕ್ಕು, ಅದರಾಚೆ ಟಿಕೋಟಾ. ನರಹರಿ ಕವಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವೆ ಇದೇ. ಅಲ್ಲಿಯೇ ಇಬ್ರಾಹಿಂ 1599ರಲ್ಲಿ ನವರಸಪುರ ಎಂಬ ಹೊಸ ಊರಿಗೆ ಕೈಹಾಕಿದ. ಗೋಡೆ ಪೂರ್ತಿಯಾಗಲೇ ಇಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳುಗೆಡವಿದ. ಉಪ್ಪಲಿ ಬುರುಜು ದೂರ ನೋಡಬಲ್ಲದು, ದೂರದಲ್ಲಿದ್ದ ಊರನ್ನು ಕಾಯಲಾರದು.

ತೆಂಕಣಕ್ಕೆ ಬಬಲೇಶ್ವರದ ಕಡೆ ಡೋಣಿ ನದಿಯ ಎರಿ ಭೂಮಿ, ಬಿಳಿಜೋಳದ ಸೀಮೆ. ಈ ಭಾಗದ ಎಷ್ಟೋ ಹಳ್ಳಿಗಳಲ್ಲಿ ಮಣ್ಣು ಕಲ್ಲಿನ ದುಂಡನೆಯ ಹುಡೇವುಗಳು, ಅಂದರೆ ಕಾವಲು ಗೋಪುರಗಳು, ಇವತ್ತಿಗೂ ನಿಂತಿವೆ. ಕೆಲವು ಅರ್ಧ ಕುಸಿದಿವೆ. ಬೆಟ್ಟವಿಲ್ಲದ ಬಯಲಿನಲ್ಲಿ ದಂಡು ಬರುವ ಧೂಳು ಕಾಣಬೇಕೆಂದರೆ ಮನುಷ್ಯನೇ ಎತ್ತರ ಕಟ್ಟಿಕೊಳ್ಳಬೇಕು. ರಾಜಧಾನಿಯವರು ಕಲ್ಲಿನಲ್ಲಿ ಮಾಡಿದ್ದನ್ನು ಹಳ್ಳಿಯವರು ಮಣ್ಣಿನಲ್ಲಿ ಮಾಡಿದರು.

ಉಪ್ಪಲಿ ಬುರುಜಿಗೆ ಸ್ವಲ್ಪ ದೂರದಲ್ಲಿ, ಗೋಡೆಯ ಮೇಲೆಯೇ, ಶೇರ್ಜಾ ಬುರುಜು ಬಂದದ್ದು ಬಹಳ ತಡವಾಗಿ, 1671ರಲ್ಲಿ. ಐದು ತಿಂಗಳಲ್ಲಿ ಕಟ್ಟಿದರೆಂದು ಅದರ ಶಾಸನವೇ ಹೇಳುತ್ತದೆ. ಮಲಿಕ್-ಎ-ಮೈದಾನ್ ಇರುವುದು ಇದರ ಮೇಲೆ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಹೊಯ್ದ, 55 ಟನ್ ತೂಕದ ತೋಪು. ಉದ್ದ ಲಂಬಾ ತೋಪಿನ ಅರ್ಧದಷ್ಟೂ ಇಲ್ಲ, ಆದರೆ ಪ್ರವಾಸಿಗರೆಲ್ಲ ನುಗ್ಗುವುದು ಇಲ್ಲಿಗೇ. ಕಿವಿಗಡಚಿಕ್ಕುವ ಸದ್ದಿಗೆ ಹೆದರಿ, ತೋಪು ಹಾರಿಸಿದವನು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂಬ ಮಾತನ್ನು ನಾವೆಲ್ಲ ಸಣ್ಣವರಿದ್ದಾಗಲೇ ಕೇಳಿದ್ದೇವೆ. ಹೊಸ ಬುರುಜಿನ ಗಾರೆ ಹಳತಾಗುವ ಮೊದಲೇ, ಹದಿನೈದು ವರ್ಷದಲ್ಲಿ, ಔರಂಗಜೇಬನ ಮುತ್ತಿಗೆ ಮುಗಿದು 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲಶಹಾ ಶರಣಾದ.

ಇಷ್ಟಾದರೂ ನನ್ನ ಮನಸ್ಸು ಹೆಚ್ಚು ಹೋಗುವುದು ಇನ್ನೊಂದು ಬಗೆಯ ಗೋಪುರಗಳ ಕಡೆಗೆ. ಓಣಿಗಳ ನಡುವೆ, ಮನೆಗಳ ಹಿತ್ತಿಲಲ್ಲಿ, ರಸ್ತೆಯ ಅಂಚಿನಲ್ಲಿ ಚೌಕಾಕಾರದ ಕಲ್ಲಿನ ಗೋಪುರಗಳು ಸಿಗುತ್ತವೆ. ಊರವರು ಗಂಜ್ ಎನ್ನುತ್ತಾರೆ. ಎತ್ತರ 25ರಿಂದ 40 ಅಡಿ. ತೋಪಿಲ್ಲ, ಕಾವಲಿನವನಿಲ್ಲ. ಇವು ನೀರಿನ ಗೋಪುರಗಳು.

ಊರಿಗೆ ನೀರು ಬರುತ್ತಿದ್ದದ್ದು ಪಡುವಣದ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ, ತೆಂಕಣದ ಬೇಗಂ ತಲಾಬಿನಿಂದ ಕೊಳವೆಗಳ ಮೂಲಕ. ಮುಹಮ್ಮದ್ ಆದಿಲಶಹಾ ಬೇಗಂ ತಲಾಬ್ ಕಟ್ಟಿಸಿದ್ದು 1651ರಲ್ಲಿ. ಸುಟ್ಟ ಮಣ್ಣಿನ ಕೊಳವೆಗಳನ್ನು ಗಾರೆಕಲ್ಲಿನಲ್ಲಿ ಹುದುಗಿಸಿ ನೆಲದಾಳದಲ್ಲಿ ಇಟ್ಟಿದ್ದರು. ಇಳಿಜಾರಿನಲ್ಲಿ ಹರಿದ ನೀರು ತಗ್ಗಿನಲ್ಲಿ ಕೊಳವೆಯನ್ನು ಒತ್ತುತ್ತದೆ. ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೆ ದಾರಿಯ ನಡುನಡುವೆ ಗಂಜ್. ನೀರು ಗೋಪುರದೊಳಗೆ ತಾನಾಗಿಯೇ ಮೇಲೇರಿ, ತೆರೆದ ತೊಟ್ಟಿಯಲ್ಲಿ ಗಾಳಿ ಕಂಡು, ಒತ್ತಡ ಕಳೆದುಕೊಂಡು ಮುಂದೆ ಹೋಗುತ್ತಿತ್ತು. ತಂದ ಕೆಸರು ಅಲ್ಲೇ ತಳ ಹಿಡಿಯುತ್ತಿತ್ತು. ಎಲ್ಲಿ ಕೊಳವೆ ಕಟ್ಟಿಕೊಂಡಿದೆ ಎಂದು ತಿಳಿಯಲು ಊರೆಲ್ಲ ಅಗೆಯಬೇಕಿರಲಿಲ್ಲ, ಎರಡು ಗಂಜ್‌ಗಳ ನಡುವೆ ಹುಡುಕಿದರೆ ಸಾಕಿತ್ತು. ಎತ್ತಿಲ್ಲ, ರಾಟೆಯಿಲ್ಲ, ನೆಲದ ಏರಿಳಿತವನ್ನು ಅಳೆದವರ ಲೆಕ್ಕವೇ ನೀರನ್ನು ಎತ್ತುತ್ತಿತ್ತು. ಗೋಲಗುಂಬಜದ ಪಿಸುಮಾತಿನ ಗ್ಯಾಲರಿಗೆ ಬೆರಗಾಗುವ ನಾವು ಈ ಲೆಕ್ಕಕ್ಕೂ ಅಷ್ಟೇ ಬೆರಗಾಗಬೇಕು.

ನೀರು ಎತ್ತುವ ಕೆಲಸ ಈ ಸೀಮೆಯಲ್ಲಿ ಇನ್ನೂ ನಡೆದಿದೆ. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಮೋಟಾರಿನ ಬಲದಿಂದ ಮೇಲಕ್ಕೆ ತಂದಿವೆ. ತಿಡಗುಂದಿಯ ಕಡೆ ಹೋದರೆ ಸಾಲು ಕಂಬಗಳ ಮೇಲೆ ಕಾಲುವೆಯೇ ಸಾಗುತ್ತದೆ. ಟಿಕೋಟಾದ ದ್ರಾಕ್ಷಿ ಬೆಳೆಗಾರರನ್ನು ಕೇಳಿದರೆ ನೀರು ಬರುವ ಮೊದಲಿನ ವರ್ಷಗಳಲ್ಲಿ ಟ್ಯಾಂಕರಿನಿಂದ ಬಳ್ಳಿ ಉಳಿಸಿಕೊಂಡ ಕಷ್ಟವನ್ನು ಹೇಳುತ್ತಾರೆ. ಊರೊಳಗೆ ತಾಜ್ ಬಾವಡಿಯ ಹೂಳನ್ನೂ ಕಳೆದ ದಶಕದಲ್ಲಿ ತೆಗೆಸಿದರು. 1620ರಲ್ಲಿ ಕಟ್ಟಿದ ಬಾವಿ ಮತ್ತೆ ನೀರು ಕಂಡಿತು.

ಗಂಜ್‌ಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಸಂದುಗಳಲ್ಲಿ ಅರಳಿ ಗಿಡ ಬೇರು ಬಿಟ್ಟರೆ ಕಲ್ಲು ಸಡಿಲವಾಗುತ್ತದೆ. ಗಿಡ ಎಳೆಯದಾಗಿರುವಾಗಲೇ ಕಿತ್ತರೆ ಗೋಪುರ ಉಳಿಯುತ್ತದೆ. ಉಪ್ಪಲಿ ಬುರುಜಿನಿಂದ ಬೇಗಂ ತಲಾಬಿನವರೆಗೆ ಗಂಜ್‌ಗಳನ್ನು ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ನಡೆದು ನೋಡುವ ದಾರಿಯನ್ನು ಶಾಲೆಯ ಮಕ್ಕಳಿಗಾದರೂ ಮಾಡಿಕೊಡಬೇಕು. ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಮೊದಲು ಬುರುಜು ಹತ್ತಿ ನೆಲದ ಇಳಿಜಾರು ಯಾವ ಕಡೆಗಿದೆ ನೋಡಿಕೊಳ್ಳಿ; ಆಮೇಲೆ ನೀರಿನ ದಾರಿ ಹಿಡಿಯುವುದು ಸುಲಭ.