ನಮ್ಮ ಕಡೆ ಒಂದೂ ನ್ಯಾಷನಲ್ ಪಾರ್ಕ್ ಇಲ್ಲ, ಮಕ್ಕಳಿಗೆ ಏನಂತ ಹೇಳೋಣ?

ಕರ್ನಾಟಕದ ಮ್ಯಾಪ್ ತೆಗೆದು ರಾಷ್ಟ್ರೀಯ ಉದ್ಯಾನ ಇರೋ ಕಡೆ ಒಂದೊಂದು ಚುಕ್ಕಿ ಇಡಿ. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಐದೇ ಐದು. ಎಲ್ಲ ಚುಕ್ಕಿಗಳೂ ಒಂದೋ ದಕ್ಷಿಣಕ್ಕೆ ಬೀಳ್ತವೆ, ಇಲ್ಲಾ ಪಶ್ಚಿಮಘಟ್ಟಕ್ಕೆ. ಬಳ್ಳಾರಿ ಕಡೆ ಕಾಗದ ಖಾಲಿ. ಸಿರುಗುಪ್ಪದಿಂದ ರಜೆಗೆ ಬಂದಿದ್ದ ನಮ್ಮಕ್ಕನ ಮಗಳು, ಏಳು ವರ್ಷದವಳು, ಈ ಖಾಲಿ ಜಾಗದ ಮೇಲೆ ಬೆರಳಿಟ್ಟು "ಮಾಮಾ, ಇಲ್ಲಿ ಯಾಕಿಲ್ಲ?" ಅಂದಳು. ನಾನು ಬಾಯಿ ತೆಗೆಯೋ ಮೊದಲೇ ಉತ್ತರಾನೂ ಅವಳೇ ಕೊಟ್ಟಳು: "ನಮ್ ಕಡೆ ಕಾಡೇ ಇಲ್ಲಲ್ಲ, ಬರೇ ಬಯಲು ಐತಿ."

ಈ ಉತ್ತರ ಏಳು ವರ್ಷದ ಹುಡುಗಿಯದಲ್ಲ. ಇದಕ್ಕೆ ಇನ್ನೂರು ವರ್ಷ ದಾಟಿದೆ. ಇವತ್ತಿನ ಕಥೆ ಅದೇ.

ಮೊದಲು ನ್ಯಾಷನಲ್ ಪಾರ್ಕ್ ಅನ್ನೋ ಕಲ್ಪನೆ ಎಲ್ಲಿಂದ ಬಂತು ಅಂತ ಬೇಗ ಹೇಳಿಬಿಡ್ತೀನಿ. ಅಮೆರಿಕದಲ್ಲಿ 1872ರಲ್ಲಿ ಯೆಲ್ಲೋಸ್ಟೋನ್. ಭಾರತದಲ್ಲಿ 1936ರಲ್ಲಿ ಹೈಲಿ ನ್ಯಾಷನಲ್ ಪಾರ್ಕ್, ಅಂದರೆ ಈಗಿನ ಜಿಮ್ ಕಾರ್ಬೆಟ್. ಮೈಸೂರು ಸಂಸ್ಥಾನದಲ್ಲಿ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಪಾರ್ಕ್, ಅದೇ ಮುಂದೆ ಬಂಡೀಪುರ ಆಯ್ತು. ಆಗ ಬಳ್ಳಾರಿ ಮೈಸೂರಿಗೆ ಸೇರಿರಲೇ ಇಲ್ಲ, ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಾವು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅಲ್ಲಿಂದ ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರ ಹುಲಿ ಯೋಜನೆ. ಹುಲಿ, ಆನೆ, ದಟ್ಟ ಮರ ಇರೋ ಕಡೆ ಚುಕ್ಕಿಗಳು ಬಿದ್ದವು.

ನಮ್ಮ ಬಯಲಿಗೆ ಬೇರೆಯೇ ಹೆಸರು ಬಿತ್ತು. 1800ರಲ್ಲಿ ನಿಜಾಮ ಈ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೊ, 1807ರವರೆಗೆ ಇದ್ದ. ಒಳ್ಳೆ ಆಡಳಿತಗಾರ ಅಂತ ಹೆಸರಿದೆ, ಇರಲಿ. ಅವನ ಕಾಲದಲ್ಲಿ ಇಲ್ಲಿ ಬೇರೂರಿದ ರೈತವಾರಿ ಪದ್ಧತಿಯಲ್ಲಿ ಹೊಲ ಹೊಲಾನೂ ಅಳೆದು ಕಂದಾಯ ಕಟ್ಟೋದು. ಕಂದಾಯ ಕೊಡೋದು ಹೊಲ, ಕೊಡದೇ ಇರೋದು ಬೀಳು, ಬಂಜರು. ಆಮೇಲೆ 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂತು. ಕಾಡು ಅಂದರೆ ಮುಖ್ಯವಾಗಿ ಮರಮುಟ್ಟು, ಸೌದೆ ಕೊಡೋ ಜಾಗ. ಹುಲ್ಲಿನ ಬಯಲು ಆ ಲೆಕ್ಕಕ್ಕೂ ಸಿಗಲಿಲ್ಲ, ಈ ಲೆಕ್ಕಕ್ಕೂ ಸಿಗಲಿಲ್ಲ.

ಆದರೆ ಬಯಲು ಬಂಜರಾಗಿತ್ತಾ? ಬಳ್ಳಾರಿ ಊರಿಗೆ ಅಂಟಿಕೊಂಡೇ ಸಂಗನಕಲ್ಲು ಗುಡ್ಡಗಳಿವೆ. ಅಲ್ಲಿ ಕಪ್ಪು ಬಂಡೆಗಳ ಮೇಲೆ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ನವಶಿಲಾಯುಗದವು, ಸಾವಿರಾರು ವರ್ಷ ಹಳೆಯವು. ಹುಲಿ ಹುಡುಕಬೇಡಿ, ಆನೆ ಹುಡುಕಬೇಡಿ. ಹೆಚ್ಚಿನವು ದನಗಳು, ಉದ್ದ ಕೊಂಬಿನ ದನಗಳು. ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ಹತ್ತಿರ ಬೂದಿ ದಿಬ್ಬ ಇದೆ. ಜನ ಅದಕ್ಕೆ ರಾಕ್ಷಸನ ಕಥೆ ಕಟ್ಟಿಕೊಂಡಿದ್ದಾರೆ. ಪುರಾತತ್ವದವರು ಹೇಳೋದು, ದನದ ದೊಡ್ಡಿಗಳ ಸಗಣಿ ರಾಶಿ ಬಿದ್ದು, ಸುಟ್ಟು ಆದ ದಿಬ್ಬ ಅಂತ. ಅಷ್ಟು ಸಗಣಿ ಬೀಳಬೇಕಾದರೆ ಎಷ್ಟು ದನ, ಅಷ್ಟು ದನಕ್ಕೆ ಎಷ್ಟು ಹುಲ್ಲು, ಮಕ್ಕಳ ಕೈಲೇ ಲೆಕ್ಕ ಹಾಕಿಸಿ. ಕುರುಗೋಡಿನ ದೊಡ್ಡ ಬಸವೇಶ್ವರ ಗುಡಿಯ ಆ ಭಾರಿ ಬಸವನನ್ನ ನೋಡಿದಾಗಲೆಲ್ಲ ನನಗೆ ಸಂಗನಕಲ್ಲಿನ ದನಗಳೇ ನೆನಪಾಗ್ತವೆ. ಇತಿಹಾಸಕಾರರು ಒಪ್ಪದೇ ಇರಬಹುದು, ನನ್ನ ಖಯಾಲಿ ಅಷ್ಟೇ.

ಈ ಬಯಲಿನದೇ ಒಂದು ಹಕ್ಕಿ ಇದೆ. ಎರ್ಲಡ್ಡು. ಎರೆಭೂತ ಅಂತಲೂ ಕರೀತಾರೆ. ಎರೆ ಅಂದರೆ ನಮ್ಮ ಕಪ್ಪು ಮಣ್ಣು. ಮನೇಲಿ ತೆಲುಗು ಮಾತಾಡೋರು ಬಟ್ಟಮೇಕ ಪಿಟ್ಟ ಅಂತಾರೆ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಿಂತರೆ ಒಂದು ಮೀಟರ್ ಎತ್ತರ, ಗಂಡು ಹಕ್ಕಿ 15 ಕಿಲೊವರೆಗೂ ತೂಗುತ್ತೆ. ಮರ ಹತ್ತಲ್ಲ. ಗೂಡೂ ಕಟ್ಟಲ್ಲ, ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ಅದಕ್ಕೆ ಬೇಕಾಗಿರೋದು ದೂರದವರೆಗೂ ಕಾಣೋ ಬಯಲು. ನಾವು ಏನೂ ಇಲ್ಲ ಅಂತೀವಲ್ಲ, ಅದೇ ಅದರ ಮನೆ. ರಾಷ್ಟ್ರಪಕ್ಷಿ ಆಯ್ಕೆ ಮಾಡುವಾಗ ಸಲೀಂ ಅಲಿ ಇದರ ಪರವಾಗಿದ್ದರು. 1963ರಲ್ಲಿ ನವಿಲು ಗೆದ್ದಿತು.

ಅಷ್ಟು ಹೊತ್ತಿಗಾಗಲೇ ಬೇಟೆ ಇದರ ಸೊಂಟ ಮುರಿದಿತ್ತು. ಮಹಾರಾಷ್ಟ್ರದ ಅಹ್ಮದ್‌ನಗರ ಸೀಮೆಯಲ್ಲಿ 1809ರಿಂದ 1829ರ ನಡುವೆ ಒಬ್ಬನೇ ಒಬ್ಬ ಇಂಗ್ಲಿಷಿನವ 961 ಹಕ್ಕಿ ಹೊಡೆದ ಲೆಕ್ಕ ಸಿಗುತ್ತೆ. ಇವತ್ತು ಇಡೀ ದೇಶದಲ್ಲಿ ಉಳಿದಿರೋದು ಸುಮಾರು 150 ಅಂತಾರೆ. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ.

ಮಿಕ್ಕ ಬೆರಳೆಣಿಕೆಯ ಹಕ್ಕಿಗಳಲ್ಲಿ ಕೆಲವು ಎಲ್ಲಿ ಸಿಕ್ಕವು ಗೊತ್ತಾ? ಸಿರುಗುಪ್ಪ ತಾಲ್ಲೂಕಿನಲ್ಲಿ. ಈ ಶತಮಾನದ ಮೊದಲ ದಶಕದಲ್ಲಿ ಪಕ್ಷಿ ವೀಕ್ಷಕರು ಗುರುತಿಸಿದರು. ಸಿರುಗುಪ್ಪ ಅಂದರೆ ಎಲ್ಲರಿಗೂ ಅಕ್ಕಿ ಮಿಲ್ಲು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗೀತು, ಕಾಲುವೆ ನೀರು ಹರಿದ ಕಡೆ ಎರೆ ಹೊಲ ಗದ್ದೆ ಆಯ್ತು. ಯಾರೂ ಬೇಡ ಅನ್ನೋ ಮಾತಲ್ಲ ಅದು, ನಮ್ಮಕ್ಕನ ಮನೆ ಅನ್ನಾನೂ ಆ ನೀರಿನದೇ. ಕಾಲುವೆ ಮುಟ್ಟದ ಕಡೆ ಜೋಳ, ಕಡಲೆ, ಹತ್ತಿ ಹೊಲ, ನಡುವೆ ಹುಲ್ಲಿನ ತುಂಡುಗಳು, ಕುರಿಮಂದೆ. ಹಕ್ಕಿ ಉಳಿದುಕೊಂಡಿದ್ದು ಅಂಥ ಕಡೆ. ಹಾಗಂತ ಊರಿನ ಹೆಸರು ನಾನು ಹೇಳಲ್ಲ. ಕ್ಯಾಮೆರಾ ಹಿಡಿದು ಕಾರುಗಳು ಹೊಲಕ್ಕೆ ನುಗ್ಗಿದರೆ ಇರೋ ಒಂದು ಮೊಟ್ಟೇನೂ ಹೋಗುತ್ತೆ.

ಹಾಗಾದರೆ ಅಲ್ಲೊಂದು ನ್ಯಾಷನಲ್ ಪಾರ್ಕ್ ಮಾಡಿಬಿಡಬಹುದಲ್ಲ? ಕಾನೂನಿನ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ದನ ಕುರಿ ಮೇಯಿಸೋ ಹಾಗಿಲ್ಲ. ವನ್ಯಧಾಮದಲ್ಲಿ ನಿಯಮ ಅಷ್ಟು ಬಿಗಿ ಅಲ್ಲ. ಈ ಹಕ್ಕಿ ರೈತನ ಹೊಲದಲ್ಲೇ ಮಿಡತೆ ಹಿಡಿದು ತಿಂದುಕೊಂಡು, ಕುರಿಗಾಹಿಯ ಕಣ್ಣೆದುರೇ ಬದುಕಿದ್ದು. ಬೇಲಿ ಹಾಕೋದು ಅಷ್ಟು ಸುಲಭದ ಉತ್ತರ ಅಲ್ಲ. ರಾಣೆಬೆನ್ನೂರಿನಲ್ಲಿ ಏನಾಯ್ತು ನೋಡಿ. 1974ರಲ್ಲಿ ಕೃಷ್ಣಮೃಗಕ್ಕೂ ಇದೇ ಎರ್ಲಡ್ಡುವಿಗೂ ಅಂತ ವನ್ಯಧಾಮ ಆಯ್ತು, 119 ಚದರ ಕಿಲೊಮೀಟರ್. ಆದರೆ ಅದರ ಬಹುಭಾಗ ನೀಲಗಿರಿ ತೋಪು. ಕಾಡು ಅಂದಮೇಲೆ ಮರ ಇರಬೇಕಲ್ಲ! ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಹಕ್ಕಿ ಹೋಯ್ತು. ಚುಕ್ಕಿ ಮಾತ್ರ ಮ್ಯಾಪಿನ ಮೇಲೆ ಉಳಿಯಿತು. "ಬರೇ ಬಯಲು ಐತಿ" ಅನ್ನೋ ಮಾತನ್ನ ಮನೇಲಿ ಹಾಗೇ ಬಿಡಬಾರದು ಅಂತ ನನಗನಿಸೋದು ಇದಕ್ಕೇ. ದೊಡ್ಡವರಾದ ಮೇಲೆ ಸಸಿ ನೆಡೋಕೆ ಹೊರಡೋರು ಇದೇ ಮಕ್ಕಳು.

ಅಂದಹಾಗೆ ಬಳ್ಳಾರಿ ಜಾಲಿ ಅಂತ ಇಡೀ ಕರ್ನಾಟಕ ಬೈಯುತ್ತಲ್ಲ, ಆ ಮುಳ್ಳಿನ ಮರ ನಮ್ಮದಲ್ಲ, ಅಮೆರಿಕ ಖಂಡದ್ದು. ಹುಲ್ಲಿನ ಬಯಲನ್ನ ನುಂಗೋದರಲ್ಲಿ ಎತ್ತಿದ ಕೈ. ಹೆಸರು ಮಾತ್ರ ನಮ್ಮ ಊರಿಂದು.

ಈಗ ಮನೇಲಿ ಏನು ಮಾಡೋದು. ನಾನು ಮಾಡಿದ್ದು ಹೇಳ್ತೀನಿ. ಐದು ಚುಕ್ಕಿ ಕಲಿಸಿ, ಆಮೇಲೆ ಆರನೇ ಬಣ್ಣದ ಪೆನ್ಸಿಲ್ ಕೊಟ್ಟೆ, ವನ್ಯಧಾಮಗಳಿಗೆ. ಮೊದಲ ಚುಕ್ಕಿ ದರೋಜಿ ಕರಡಿಧಾಮ, 1994ರಲ್ಲಿ ಆದದ್ದು. ಅದೀಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ ನಮಗೆ ನೆರೆಮನೆ. ಕುರುಗೋಡಿನಂಥದ್ದೇ ಕಲ್ಲುಗುಡ್ಡ, ಕುರುಚಲು ಗಿಡ. ಸಿಬ್ಬಂದಿ ಬಂಡೆ ಮೇಲೆ ಬೆಲ್ಲದ ಪಾಕ ಸವರಿ ಹೋಗ್ತಾರೆ, ಮಧ್ಯಾಹ್ನ ಇಳಿದ ಮೇಲೆ ಕರಡಿಗಳು ಮರಿ ಬೆನ್ನಿಗೇರಿಸಿಕೊಂಡು ನೆಕ್ಕೋಕೆ ಬರ್ತವೆ. ಹುಡುಗಿಗೆ ಬಂಡೀಪುರ ಮರೆತೇ ಹೋಯ್ತು. ಎರಡನೇ ಚುಕ್ಕಿ ಗಂಗಾವತಿ ತಾಲ್ಲೂಕಿನ ಬಂಕಾಪುರ, ತೋಳಗಳಿಗೇ ಅಂತ ಇರೋ ವನ್ಯಧಾಮ.

ಸಿರುಗುಪ್ಪಕ್ಕೆ ಚುಕ್ಕಿ ಇಡೋಕೆ ಆಗಲ್ಲ. ಅವಳು ಅಲ್ಲಿ ಹಳದಿ ಬಣ್ಣ ತುಂಬಿ, ಹುಲ್ಲು ಗೀಚಿ, ಕಾಲು ಉದ್ದ ಇರೋ ಒಂದು ಹಕ್ಕಿ ಬರೆದಳು. ತಲೆ ಮೇಲೆ ಕರೆಂಟ್ ತಂತಿ ಬರೀಬೇಡ ಅಂದೆ. ಯಾಕೆ ಅಂದಳು. ಈ ಹಕ್ಕಿಯ ಕಣ್ಣು ಪಕ್ಕಕ್ಕಿವೆ, ಹಾರುವಾಗ ಎದುರಿಗಿರೋ ತಂತಿ ಸರಿಯಾಗಿ ಕಾಣಲ್ಲ, ಭಾರದ ದೇಹ ತಟ್ಟನೆ ತಿರುಗಲ್ಲ, ಬಡಿದು ಸಾಯ್ತವೆ ಅಂದೆ. ಸುಪ್ರೀಂ ಕೋರ್ಟಿನವರೆಗೂ ಹೋದ ವಿಷಯ ಇದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ತಂತಿ ನೆಲದಾಗ ಹೂಳ್ಬೇಕು" ಅಂದಳು. ಕೋರ್ಟಿನಲ್ಲೂ ವಾದ ನಡೆದದ್ದು ಇದರ ಮೇಲೇ.

ನಿಮ್ಮ ಮನೆ ಮಕ್ಕಳಿಗೆ ಹಕ್ಕಿ ತೋರಿಸಲೇಬೇಕು ಅಂದರೆ ಹೊಲಕ್ಕೆ ಕರೆದೊಯ್ಯಬೇಡಿ. 2019ರಿಂದ ಜೈಸಲ್ಮೇರ್‌ನಲ್ಲಿ ಮೊಟ್ಟೆಗಳನ್ನ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡ್ತಿದ್ದಾರೆ. ಆ ಮರಿಗಳ ವಿಡಿಯೊ ಫೋನಿನಲ್ಲೇ ಸಿಗುತ್ತೆ, ಎರಡೇ ನಿಮಿಷದ್ದು. ಮುಂದಿನ ವಾರ ಸಿಗೋಣ.