‘ಹೊಸ ವೈರಸ್ ಇನ್ನೂ ನಮ್ಮಲ್ಲಿಗೆ ಬಂದಿಲ್ಲ’ ಎನ್ನುವ ಕೆಂಪು ನಕ್ಷೆಯನ್ನು ನಂಬಬಹುದೇ?

ಯಾವುದೋ ದೇಶದಲ್ಲಿ ಹೊಸ ಬಗೆಯ ನ್ಯುಮೋನಿಯಾ ಕಾಣಿಸಿಕೊಂಡರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ನಕ್ಷೆ ಓಡಾಡತೊಡಗುತ್ತದೆ. ಸೋಂಕು ಪತ್ತೆಯಾದ ದೇಶಗಳು ಕೆಂಪು, ಉಳಿದವು ಬಿಳಿ. ಕೆಳಗೆ ‘ಇನ್ನೂ ಭಾರತಕ್ಕೆ ಬಂದಿಲ್ಲ’ ಎಂದೋ, ‘ಬಂದೇಬಿಟ್ಟಿತು, ಎಲ್ಲರಿಗೂ ಕಳಿಸಿ’ ಎಂದೋ ಬರೆದಿರುತ್ತದೆ. ನಕ್ಷೆ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಅದು ತೋರಿಸುವುದು ವೈರಸ್ ಎಲ್ಲಿದೆ ಎಂಬುದನ್ನಲ್ಲ, ಪರೀಕ್ಷೆ ಮಾಡಿ ವರದಿ ಕೊಟ್ಟವರು ಎಲ್ಲಿದ್ದಾರೆ ಎಂಬುದನ್ನು.

ಇದಕ್ಕೆ ಉದಾಹರಣೆ ಹುಡುಕಲು ವುಹಾನ್‌ವರೆಗೆ ಹೋಗಬೇಕಿಲ್ಲ. ಕೋವಿಡ್‌ನಿಂದ ದೇಶದಲ್ಲಿ ಮೊದಲು ಮೃತಪಟ್ಟವರು ಕಲಬುರಗಿಯ 76 ವರ್ಷದ ಹಿರಿಯರು. ಅವರು ಸೌದಿ ಅರೇಬಿಯಾದಲ್ಲಿ ಒಂದು ತಿಂಗಳಿದ್ದು, 2020ರ ಫೆಬ್ರವರಿ 29ರಂದು ಹೈದರಾಬಾದ್‌ಗೆ ಬಂದಿಳಿದು ಊರಿಗೆ ಮರಳಿದರು. ಸೌದಿಯಲ್ಲಿ ಮೊದಲ ಸೋಂಕು ಅಧಿಕೃತವಾಗಿ ವರದಿಯಾಗಿದ್ದು ಮಾರ್ಚ್ 2ರಂದು. ಅಂದರೆ ಅವರು ವಿಮಾನ ಹತ್ತಿದ ದಿನ ಆ ದೇಶ ನಕ್ಷೆಯಲ್ಲಿ ಬಿಳಿಯಾಗಿಯೇ ಇತ್ತು! ಎಲ್ಲಾ ಅಂತಾರಾಷ್ಟ್ರೀಯ ಪ್ರಯಾಣಿಕರ ತಪಾಸಣೆಯನ್ನು ಭಾರತ ಘೋಷಿಸಿದ್ದು ಮಾರ್ಚ್ 4ರಂದು. ಅದಕ್ಕೂ ಮೊದಲು ಕೆಲವು ದೇಶಗಳಿಂದ ಬಂದವರಿಗಷ್ಟೇ ತಪಾಸಣೆ ಇತ್ತು. ಮೇಲಾಗಿ, ಬಂದಿಳಿದಾಗ ಅವರಿಗೆ ಯಾವ ಲಕ್ಷಣವೂ ಇರಲಿಲ್ಲ. ಜ್ವರವೇ ಇಲ್ಲದವರು ಜ್ವರ ಅಳೆಯುವ ಯಂತ್ರಕ್ಕೆ ಸಿಗುವುದಾದರೂ ಹೇಗೆ?

ಕೇಂದ್ರ ಆರೋಗ್ಯ ಸಚಿವಾಲಯ ಆಗ ಕೊಟ್ಟ ಮಾಹಿತಿಯ ಪ್ರಕಾರ, ಜ್ವರ ಮತ್ತು ಕೆಮ್ಮು ಶುರುವಾಗಿದ್ದು ಮಾರ್ಚ್ 6ರಂದು. 9ರಂದು ಗಂಟಲ ದ್ರವದ ಮಾದರಿ ತೆಗೆದು ಬೆಂಗಳೂರಿಗೆ ಕಳಿಸಲಾಯಿತು. ವರದಿಗೆ ಕಾಯದೆ ಅವರನ್ನು ಹೈದರಾಬಾದ್‌ನ ಆಸ್ಪತ್ರೆಗೆ ಕರೆದೊಯ್ದು, ಅಲ್ಲಿಂದ ವಾಪಸ್ ತರುವಾಗ 10ರಂದು ದಾರಿಯಲ್ಲೇ ಅವರು ತೀರಿಕೊಂಡರು. ಸೋಂಕು ಖಚಿತವಾಗಿದ್ದು 12ರಂದು. ಸಾವು ಮೊದಲು, ‘ಪಾಸಿಟಿವ್’ ಆಮೇಲೆ. ನಕ್ಷೆಯಲ್ಲಿ ಕಲಬುರಗಿಯ ಚುಕ್ಕೆ ಮೂಡುವಷ್ಟರಲ್ಲಿ ಅವರು ಊರಿಗೆ ಬಂದು ಹನ್ನೆರಡು ದಿನಗಳಾಗಿದ್ದವು. ನಂತರ ಅವರ ಮನೆಯವರೊಬ್ಬರಲ್ಲಿ, ಚಿಕಿತ್ಸೆ ನೀಡಿದ್ದ ವೈದ್ಯರಲ್ಲಿ ಕೂಡ ಸೋಂಕು ಪತ್ತೆಯಾಯಿತು.

ಈ ಒಂದೇ ಪ್ರಕರಣದಲ್ಲಿ ಲಕ್ಷಣ ಶುರುವಾದ ದಿನ, ಮಾದರಿ ತೆಗೆದ ದಿನ, ವರದಿ ಬಂದ ದಿನ ಮೂರೂ ಬೇರೆ ಬೇರೆ. ರೋಗ ಹರಡಿದ ದಾರಿಯನ್ನು ಹುಡುಕುವವರು ಮೊದಲನೆಯದನ್ನು ಹಿಡಿದು ಹಿಂದಕ್ಕೆ ಹೋಗುತ್ತಾರೆ: ಆ ದಿನಕ್ಕೆ ಮುಂಚೆ ಎಲ್ಲಿದ್ದರು, ಯಾರ ಜೊತೆಗಿದ್ದರು ಎಂದು ಕೇಳುತ್ತಾರೆ. ಟಿವಿಯಲ್ಲಿ ‘ಇಂದು ಇಷ್ಟು ಕೇಸ್’ ಎಂದು ಬರುವುದು ಸಾಮಾನ್ಯವಾಗಿ ಮೂರನೆಯದು. ಒಂದೇ ದಿನ ಹೆಚ್ಚು ವರದಿ ಬಂದರೆ ಅಂದೇ ಅಷ್ಟು ಜನರಿಗೆ ಸೋಂಕು ತಗುಲಿತು ಎಂದರ್ಥವಲ್ಲ.

ಇನ್ನೊಂದು ತೊಂದರೆ ಇದೆ. ನಕ್ಷೆ ದೇಶದಿಂದ ದೇಶಕ್ಕೆ ಗೆರೆ ಎಳೆಯುತ್ತದೆ, ಸೋಂಕು ಮಾತ್ರ ಜನ ಓಡಾಡುವ ದಾರಿ ಹಿಡಿಯುತ್ತದೆ. ನಮ್ಮ ಕಡೆ ಆ ದಾರಿ ಹೆಚ್ಚಾಗಿ ಮುಂಬೈ, ಪುಣೆ, ಹೈದರಾಬಾದ್‌ನದು. ವಾಡಿ ಜಂಕ್ಷನ್‌ನಿಂದ ಶಹಾಬಾದ್ ಮೇಲೆ ಹೋದರೆ ಮುಂಬೈ, ಚಿತ್ತಾಪುರ, ಸೇಡಂ ಮೇಲೆ ಹೋದರೆ ಹೈದರಾಬಾದ್. ರೈಲೇ ಇಲ್ಲದ ಚಿಂಚೋಳಿಯ ತಾಂಡಾಗಳಿಂದಲೂ ಜನ ದುಡಿಯಲು ಹೋಗುವುದು ಆ ಊರುಗಳಿಗೇ. 2020ರ ಮೇ ತಿಂಗಳಲ್ಲಿ ಅವರೆಲ್ಲ ಶ್ರಮಿಕ ರೈಲು, ಬಸ್ಸು, ಸಿಕ್ಕ ವಾಹನ ಹತ್ತಿ ಊರಿಗೆ ಮರಳಿದರು. ಕಲಬುರಗಿ ಜಿಲ್ಲೆಯ ಬುಲೆಟಿನ್‌ನಲ್ಲಿ ‘ಮಹಾರಾಷ್ಟ್ರ ಪ್ರಯಾಣ ಹಿನ್ನೆಲೆ’ ಎಂಬ ಸಾಲು ದಿನವೂ ಬರುತ್ತಿತ್ತು. ಮುಂಬೈಯಲ್ಲಿ ಸೋಂಕು ಹೆಚ್ಚಿತ್ತು, ನಿಜ. ಆದರೆ ಬಂದವರನ್ನೇ ಕ್ವಾರಂಟೈನ್‌ನಲ್ಲಿಟ್ಟು ಪರೀಕ್ಷಿಸಿದಾಗ ಸಂಖ್ಯೆಯೂ ಅವರಲ್ಲೇ ಎದ್ದು ಕಾಣುವುದು ಸಹಜ. ಊರು ಬಿಟ್ಟು ದುಡಿಯಲು ಹೋದವರನ್ನು ‘ರೋಗ ತಂದವರು’ ಎನ್ನಲು ಆ ಸಾಲು ಕೆಲವರಿಗೆ ನೆಪವಾಯಿತು. ಇದು ಅನ್ಯಾಯವಷ್ಟೇ ಅಲ್ಲ, ಲೆಕ್ಕದ ದೃಷ್ಟಿಯಿಂದಲೂ ತಪ್ಪು.

ಇದಕ್ಕೆ ತೀರಾ ಉಲ್ಟಾ ಆದದ್ದು 2025ರಲ್ಲಿ. ಜನವರಿ 6ರಂದು ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದ ಸುದ್ದಿ ಬಂದಾಗ ‘ಚೀನಾ ವೈರಸ್ ಕರ್ನಾಟಕಕ್ಕೆ ಬಂತು’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಆ ಮಕ್ಕಳು ವಿದೇಶಕ್ಕೆ ಹೋದವರಲ್ಲ. ಈ ವೈರಸ್ಸನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲೇ, ಭಾರತದಲ್ಲೂ ಅದು ಮೊದಲಿನಿಂದಲೇ ಇತ್ತು. ಐಸಿಎಂಆರ್‌ನ ಮಾಮೂಲಿ ಉಸಿರಾಟದ ವೈರಸ್ ಕಣ್ಗಾವಲಿನಲ್ಲಿ ಸಿಕ್ಕಿತು, ಅಷ್ಟೇ. ಹುಡುಕಿದಾಗ ಸಿಕ್ಕಿದ್ದು ಬೇರೆ, ಹೊಸದಾಗಿ ಬಂದದ್ದು ಬೇರೆ.

ಮುಂದಿನ ಸಲ ಇಂಥ ನಕ್ಷೆ ಬಂದಾಗ ಮೊದಲು ಅದರ ತಾರೀಖು ಹುಡುಕಿ. 2020ರ ಆರಂಭದಲ್ಲಿ ವುಹಾನ್‌ನಿಂದ ಜನ ಎಲ್ಲೆಲ್ಲಿಗೆ ಹೋದರು ಎಂದು ಹರಿದಾಡಿದ ಕೆಂಪು ಗೆರೆಗಳ ಚಿತ್ರ, ಅಸಲಿಗೆ ಇಡೀ ಜಗತ್ತಿನ ವಿಮಾನ ಜಾಲ ತೋರಿಸುವ ಹಳೆಯ ನಕ್ಷೆಯಾಗಿತ್ತು. ಆಮೇಲೆ, ಬಿಳಿಯಾಗಿರುವ ದೇಶಗಳಲ್ಲಿ ಪರೀಕ್ಷೆ ನಡೆಯುತ್ತಿದೆಯೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ಹರಡುವಿಕೆ ಪ್ರಕಟಣೆಗಳು ಅದರ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ; ಜಿಲ್ಲೆಯ ಮಾಹಿತಿಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ಇದೆ. ಇನ್ನು ನಿಮ್ಮ ಮನೆಯಲ್ಲೇ ಯಾರಿಗಾದರೂ ಜ್ವರದ ಜೊತೆ ಉಸಿರಾಟ ಕಷ್ಟವಾದರೆ ನಕ್ಷೆಯ ಬಣ್ಣ ನೋಡುತ್ತಾ ಕೂರಬೇಡಿ, ಎಲ್ಲಿಂದ ಬಂದಿರಿ, ಜ್ವರ ಯಾವತ್ತು ಶುರುವಾಯಿತು ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.