ಅಲ್ಪಾಯುವಾದ ಒಂದು ಪಕ್ಷ: ಕರ್ನಾಟಕ ಕ್ರಾಂತಿರಂಗ

ಗದಗಿನಿಂದ ಬಾಗಲಕೋಟೆಯ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡಿದವರು ಹೊಳೆಆಲೂರನ್ನು ಬಲ್ಲರು. ಆ ಊರಿನ ಹೆಸರಿನಲ್ಲಿರುವ ಹೊಳೆಯೇ ಮಲಪ್ರಭೆ. ರಾಜಕೀಯ ಪಕ್ಷವೊಂದರ ಚರಿತ್ರೆಯನ್ನು ಹೇಳಹೊರಟವನು ಹೊಳೆಯ ಮಾತನ್ನೇಕೆ ಎತ್ತಿದನೆಂದು ತಾವು ಕೇಳಬಹುದು. ಪಕ್ಷಗಳು ಹುಟ್ಟುವುದು ರಾಜಧಾನಿಯಲ್ಲಾದರೂ ಅವುಗಳ ಭಾಗ್ಯವು ನಿರ್ಣಯವಾಗುವುದು ಹೊಲಗದ್ದೆಗಳಲ್ಲಿ. ಕರ್ನಾಟಕ ಕ್ರಾಂತಿರಂಗದ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ಪಕ್ಷದ ಮೂಲಪುರುಷರು ಶ್ರೀ ದೇವರಾಜ ಅರಸರು. 1972ರಿಂದ 1980ರ ಆದಿಯವರೆಗೆ, ನಡುವೆ ಕೆಲವು ವಾರಗಳನ್ನು ಬಿಟ್ಟರೆ, ಅವರೇ ಮುಖ್ಯಮಂತ್ರಿಗಳಾಗಿದ್ದರು. ಉಳುವವನಿಗೆ ಭೂಮಿಯನ್ನು ಕೊಡಿಸಿದ 1974ರ ಶಾಸನವೂ, ಹಿಂದುಳಿದ ವರ್ಗಗಳ ಸ್ಥಿತಿಯನ್ನು ಪರಿಶೀಲಿಸಿ 1975ರಲ್ಲಿ ವರದಿಯನ್ನೊಪ್ಪಿಸಿದ ಹಾವನೂರ ಆಯೋಗವೂ ಅವರ ಕಾಲದವು. ಇಷ್ಟಾದರೂ, 1979ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರಿಂದ ಅವರು ಬೇರೆಯಾದೊಡನೆಯೇ ಜನರ ಒಲವು ತಿರುಗಿತು. 1980ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 27 ಇಂದಿರಾ ಕಾಂಗ್ರೆಸ್ಸಿಗೆ ದೊರೆತವು. ಅರಸರು ಅಧಿಕಾರವನ್ನು ಬಿಟ್ಟರು. ಶ್ರೀ ಗುಂಡೂರಾಯರು ಮುಖ್ಯಮಂತ್ರಿಗಳಾದರು.

ಅದೇ ವರ್ಷ ಮಲಪ್ರಭೆಯ ನಾಡಿನಲ್ಲಿ ಬೇರೊಂದು ಪ್ರಕರಣವು ನಡೆಯಿತು. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಗಳೇನೋ ಬಂದಿದ್ದವು; ಆದರೆ ನೀರು ಸರಿಯಾಗಿ ತಲುಪುವುದಕ್ಕೆ ಮುಂಚೆಯೇ ಅಭಿವೃದ್ಧಿ ಕರದ ಹೊರೆಯು ರೈತನ ಮನೆಬಾಗಿಲಿಗೆ ತಲುಪಿತ್ತು. ಹತ್ತಿಯ ಬೆಲೆಯೂ ಕುಸಿದಿತ್ತು. 1980ರ ಜುಲೈ 21ರಂದು ನರಗುಂದದಲ್ಲಿಯೂ ನವಲಗುಂದದಲ್ಲಿಯೂ ಗೋಲೀಬಾರು ನಡೆದು ರೈತರು ಮಡಿದರು. ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಪ್ರಾಣವನ್ನು ಕಳೆದುಕೊಂಡರು. ಬೆಂಕಿಯು ಕರ್ನಾಟಕದ ಉದ್ದಗಲಕ್ಕೂ ಹಬ್ಬಿತು.

ತಮ್ಮ ಜೀವಿತದ ಕೊನೆಯ ದಿನಗಳಲ್ಲಿ ಅರಸರು ಕಟ್ಟಿದ್ದು ಕ್ರಾಂತಿರಂಗ. ಅದರ ಫಲವನ್ನು ಅವರು ಕಾಣಲಿಲ್ಲ. 1982ರ ಜೂನ್ 6ರಂದು ತೀರಿಕೊಂಡರು. ಆಮೇಲೆ ಪಕ್ಷದ ಭಾರವನ್ನು ಹೊತ್ತವರು ಶ್ರೀ ಬಂಗಾರಪ್ಪನವರು. 1983ರ ಜನವರಿಯ ಚುನಾವಣೆಯಲ್ಲಿ ಕ್ರಾಂತಿರಂಗವು ಜನತಾ ಪಕ್ಷದೊಡನೆ ಕೂಡಿ, ಅದರ ಚಿಹ್ನೆಯ ಕೆಳಗೇ ನಿಂತಿತು. 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 95 ಬಂದವು, ಗುಂಡೂರಾಯರೇ ಸೋತರು. ಇತರ ಪಕ್ಷಗಳ ಬೆಂಬಲದಿಂದ ರಾಜ್ಯದ ಮೊದಲನೆಯ ಕಾಂಗ್ರೆಸ್ಸೇತರ ಸರ್ಕಾರವು ಏರ್ಪಟ್ಟಿತು. ಆದರೆ ಮುಖ್ಯಮಂತ್ರಿಯ ಪದವಿಯು ಶ್ರೀ ರಾಮಕೃಷ್ಣ ಹೆಗಡೆಯವರ ಪಾಲಾಯಿತು. ಬಂಗಾರಪ್ಪನವರು ಅನಂತರ ಕಾಂಗ್ರೆಸ್ಸಿಗೆ ಹಿಂದಿರುಗಿ, 1990ರಲ್ಲಿ ಆ ಪದವಿಯನ್ನು ಪಡೆದರು. ಕ್ರಾಂತಿರಂಗವು ಹೆಸರಿಲ್ಲದಂತಾಯಿತು.

ಗೆದ್ದೂ ಅಳಿದ ಪಕ್ಷವಿದು. ಕಾರಣವೇನು? ಅದು ಒಬ್ಬ ಮಹಾನಾಯಕನ ನೆರಳಿನಲ್ಲಿ ಹುಟ್ಟಿತು. ನೆರಳು ಸರಿದ ಮೇಲೆ ನಿಲ್ಲುವುದಕ್ಕೆ ಅದಕ್ಕೆ ಸ್ವಂತ ನೆಲವಿರಲಿಲ್ಲ. ಮಲಪ್ರಭೆಯ ದಡದ ಸಿಟ್ಟೂ ರಾಜಧಾನಿಯ ಅಸಮಾಧಾನವೂ ಒಂದು ಚುನಾವಣೆಯ ಮಟ್ಟಿಗೆ ಒಂದೇ ದಿಕ್ಕಿಗೆ ಹರಿದು ಅಗಲಿದವು. ರೈತನಾದರೋ 1980ರಲ್ಲಿ ಹುಟ್ಟಿದ ರೈತಸಂಘದಲ್ಲಿ ತನ್ನದೇ ದನಿಯನ್ನು ಹುಡುಕಿಕೊಂಡನು. ಹೀಗಿದ್ದರೂ ಕ್ರಾಂತಿರಂಗದ ಬಾಳು ವ್ಯರ್ಥವಾಯಿತೆನ್ನಲಾಗದು. ಕರ್ನಾಟಕದ ಅಧಿಕಾರವು ಒಂದೇ ಪಕ್ಷದ ಸ್ವತ್ತೆಂಬ ನಂಬಿಕೆಯನ್ನು ಮುರಿದ ಕೈಗಳಲ್ಲಿ ಅದರದೂ ಒಂದು. ಪಕ್ಷಗಳ ಆಯುಸ್ಸನ್ನು ವರ್ಷಗಳಿಂದ ಎಣಿಸಬಹುದು. ಅವುಗಳ ಬೆಲೆಯನ್ನು ಹಾಗೆ ಎಣಿಸಲಾಗದು.